ಗಂಡು ಬೆಕ್ಕಿನ ಮೂತ್ರಬಾಧೆ: ಮಲಬದ್ಧತೆಯೆಂದು ತಿಳಿದು ಕಾಲ ಕಳೆಯದಿರಿ

"ಬೆಕ್ಕಿಗೆ ನಿನ್ನೆಯಿಂದ ಮಲಬದ್ಧತೆಯಾಗಿದೆ, ಹರಳೆಣ್ಣೆ ಕುಡಿಸಬಹುದೇ?" ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳುವ ಮೊದಲು ವಿಸ್ತರಣಾ ಕಾರ್ಯಕರ್ತರು ಎರಡು ಮರುಪ್ರಶ್ನೆಗಳನ್ನು ಕೇಳಬೇಕು. ಬೆಕ್ಕು ಗಂಡೋ, ಹೆಣ್ಣೋ? ಅದು ಮೂತ್ರ ಮಾಡಿದ್ದನ್ನು ಮನೆಯವರು ಕೊನೆಯ ಬಾರಿ ಕಣ್ಣಾರೆ ಕಂಡದ್ದು ಯಾವಾಗ? ಬೆಕ್ಕು ಗಂಡಾಗಿದ್ದು ಎರಡನೆಯ ಪ್ರಶ್ನೆಗೆ ಖಚಿತ ಉತ್ತರ ಬಾರದಿದ್ದರೆ, ಅದು ಮಲಬದ್ಧತೆಯಲ್ಲ, ಮೂತ್ರಬಂಧ ಎಂದೇ ಭಾವಿಸಿ ಮುಂದಿನ ಕ್ರಮ ಕೈಗೊಳ್ಳುವುದು ಸುರಕ್ಷಿತ.

ಈ ತಪ್ಪು ತಿಳಿವಳಿಕೆಗೆ ಕಾರಣವಿದೆ. ಮಲವಿಸರ್ಜನೆಗೆ ಕುಳಿತಾಗಲೂ ಮೂತ್ರ ಕಟ್ಟಿಕೊಂಡಾಗಲೂ ಬೆಕ್ಕಿನ ಭಂಗಿ ಬಹುಮಟ್ಟಿಗೆ ಒಂದೇ. ಹಿಂಗಾಲು ಬಾಗಿಸಿ, ಬೆನ್ನು ಗೂನಾಗಿಸಿ ತಿಣುಕುತ್ತದೆ. ಮೂತ್ರಬಾಧೆಯಿರುವ ಬೆಕ್ಕು ಹತ್ತು ನಿಮಿಷಕ್ಕೊಮ್ಮೆ ಕುಳಿತು ಏಳುತ್ತದೆ, ಒಂದೆರಡು ಹನಿ ಮೂತ್ರ ಬರಬಹುದು, ಅದರಲ್ಲಿ ರಕ್ತದ ಛಾಯೆ ಕಾಣಬಹುದು. ಜನನಾಂಗವನ್ನು ಬಿಡದೆ ನೆಕ್ಕಿಕೊಳ್ಳುತ್ತದೆ. ಎಂದೂ ಮನೆಯೊಳಗೆ ಗಲೀಜು ಮಾಡದ ಬೆಕ್ಕು ಬಚ್ಚಲಿನ ತಣ್ಣನೆಯ ನೆಲದ ಮೇಲೆ ಕುಳಿತುಕೊಳ್ಳುವುದೂ ಉಂಟು. ಇದು ಹಟಮಾರಿತನವಲ್ಲ, ನೋವಿನ ಲಕ್ಷಣ. ಹೊಡೆದು ಓಡಿಸಬೇಡಿ.

ತುರ್ತು ಸ್ಥಿತಿ

ಮೂತ್ರಕೋಶದಿಂದ ಹೊರಬರುವ ನಾಳವು ಹೆಣ್ಣು ಬೆಕ್ಕಿನಲ್ಲಿ ಗಿಡ್ಡವಾಗಿಯೂ ಅಗಲವಾಗಿಯೂ ಇರುತ್ತದೆ. ಗಂಡಿನಲ್ಲಿ ಅದು ಉದ್ದವಾಗಿದ್ದು, ತುದಿಯಲ್ಲಿ ಒಂದು ಮಿಲಿಮೀಟರಿಗಿಂತಲೂ ಕಿರಿದಾಗುತ್ತದೆ. ಮರಳಿನಂತಹ ಹರಳುಗಳು ಲೋಳೆಯೊಂದಿಗೆ ಸೇರಿ ಬೆಣೆಯಂತಾಗಿ ಅಲ್ಲಿ ಸಿಕ್ಕಿಕೊಂಡರೆ ಮೂತ್ರ ಪೂರ್ಣವಾಗಿ ನಿಲ್ಲುತ್ತದೆ. ಹಿಂಡಿ, ತೌಡು ಹೆಚ್ಚು ತಿಂದ ಟಗರು, ಹೋತಗಳಲ್ಲಿ ಕಲ್ಲು ಕಟ್ಟಿದ್ದನ್ನು ಕಂಡ ಕುರಿಗಾರರಿಗೆ ಈ ಸ್ಥಿತಿಯ ತೀವ್ರತೆಯನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ನಾಳ ಪೂರ್ಣ ಮುಚ್ಚಿದ 24ರಿಂದ 48 ಗಂಟೆಗಳೊಳಗೆ ದೇಹದ ಕಲ್ಮಶಗಳು ರಕ್ತದಲ್ಲಿ ಸಂಗ್ರಹವಾಗುತ್ತವೆ, ಪೊಟ್ಯಾಷಿಯಂ ಪ್ರಮಾಣ ಏರಿ ಹೃದಯದ ಬಡಿತ ನಿಧಾನವಾಗುತ್ತದೆ. ವಾಂತಿ, ಆಹಾರ ತ್ಯಜಿಸುವುದು, ಮೂಲೆಯಲ್ಲಿ ಮಂಕಾಗಿ ಮಲಗುವುದು ಈ ಹಂತದ ಲಕ್ಷಣಗಳು. ತಿಣುಕುವುದನ್ನು ನಿಲ್ಲಿಸಿ ಸುಮ್ಮನೆ ಮಲಗಿದ ಬೆಕ್ಕನ್ನು ಕಂಡು "ಈಗ ಪರವಾಗಿಲ್ಲ" ಎಂದುಕೊಳ್ಳುವವರಿದ್ದಾರೆ. ವಾಸ್ತವದಲ್ಲಿ ಅದು ಸಾವಿಗೆ ಹತ್ತಿರವಾಗಿರಬಹುದು.

ಇಂತಹ ಬೆಕ್ಕಿಗೆ ಹರಳೆಣ್ಣೆ ಕುಡಿಸಿದರೆ ಪ್ರಯೋಜನವಿಲ್ಲ, ಸಮಯ ಮಾತ್ರ ವ್ಯರ್ಥ. ಮನುಷ್ಯರ ಮೂತ್ರಕಲ್ಲಿಗೆ ರೂಢಿಯಲ್ಲಿರುವ ಬಾಳೆದಿಂಡಿನ ರಸ, ಬಾರ್ಲಿ ಗಂಜಿಗಳನ್ನೂ ಬಲವಂತವಾಗಿ ಕುಡಿಸಬಾರದು. ದಾರಿ ಮುಚ್ಚಿರುವಾಗ ಮೂತ್ರ ಹೆಚ್ಚಿಸಿದರೆ ಮೂತ್ರಕೋಶದ ಒತ್ತಡ ಹೆಚ್ಚುತ್ತದೆಯೇ ಹೊರತು ದಾರಿ ತೆರೆಯುವುದಿಲ್ಲ. ಹೊಟ್ಟೆ ಒತ್ತಿ ಮೂತ್ರ ತೆಗೆಯುವ ಪ್ರಯತ್ನದಿಂದ ಮೂತ್ರಕೋಶ ಒಡೆಯಬಹುದು. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಎಂದಿಗೂ ಕೊಡಬೇಡಿ. ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆಯಿಂದಲೂ ಸಾವು ಸಂಭವಿಸುತ್ತದೆ.

ಬೆಕ್ಕನ್ನು ಗಾಳಿಯಾಡುವ ಬುಟ್ಟಿ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿರಿಸಿ, ಮೇಲೆ ಬಟ್ಟೆ ಮುಚ್ಚಿ, ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ. ರಾತ್ರಿಯಾದರೆ ಬೆಳಗಿನವರೆಗೆ ಕಾಯಬಾರದು. ಅರಿವಳಿಕೆ ಬೇಕಾಗಬಹುದಾದ್ದರಿಂದ ಹೊರಡುವ ಮುನ್ನ ಏನನ್ನೂ ತಿನ್ನಿಸಬೇಡಿ. ಬೆಕ್ಕಿಗೆ ಹೊಂದುವ ಸಣ್ಣ ಕೊಳವೆ ಎಲ್ಲ ಕಡೆಯೂ ಲಭ್ಯವಿರುವುದಿಲ್ಲ. ಆದಕಾರಣ ಆ ಸೌಲಭ್ಯ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಮುಂಚೆಯೇ ವಿಚಾರಿಸಿ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಅಮೂಲ್ಯ ಗಂಟೆಗಳು ಉಳಿಯುತ್ತವೆ.

ಬಾಧೆ ಏಕೆ ಬರುತ್ತದೆ?

ಕಲ್ಲು, ಸೋಂಕುಗಳೇ ಕಾರಣವೆಂಬ ನಂಬಿಕೆ ಸಾಮಾನ್ಯ. ಆದರೆ ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಕಲ್ಲೂ ಇರುವುದಿಲ್ಲ, ಸೋಂಕೂ ಇರುವುದಿಲ್ಲ. ಮೂತ್ರಕೋಶದ ಒಳಪದರ ಉರಿಯೂತಕ್ಕೊಳಗಾಗಿರುತ್ತದೆ, ಇದಕ್ಕೂ ಬೆಕ್ಕಿನ ಮಾನಸಿಕ ಒತ್ತಡಕ್ಕೂ ನಿಕಟ ಸಂಬಂಧವಿದೆ. ಮೂತ್ರ ಕಟ್ಟಿಕೊಳ್ಳದ ಪಕ್ಷದಲ್ಲಿ ಈ ಉರಿಯೂತ ಸುಮಾರು ಒಂದು ವಾರದಲ್ಲಿ ತಾನಾಗಿಯೇ ಶಮನವಾಗುವುದು ಹೆಚ್ಚು. ಆ ವಾರದಲ್ಲಿ ಕೊಟ್ಟ ಪ್ರತಿಜೈವಿಕಕ್ಕೆ ಕೀರ್ತಿ ಸಲ್ಲುತ್ತದೆ! ಹತ್ತು ವರ್ಷ ದಾಟಿದ ಬೆಕ್ಕುಗಳಲ್ಲಿ ಸೋಂಕಿನ ಸಾಧ್ಯತೆ ಹೆಚ್ಚು, ಎಳೆಯವುಗಳಲ್ಲಿ ವಿರಳ. ಮೂತ್ರ ಪರೀಕ್ಷೆಯಿಲ್ಲದೆ ಔಷಧದಂಗಡಿಯಿಂದ ಪ್ರತಿಜೈವಿಕ ತಂದು ಕೊಡುವುದು ಸರಿಯಲ್ಲ.

ಕಲ್ಲುಗಳಲ್ಲಿ ಎರಡು ವಿಧ ಮುಖ್ಯ. ಸ್ಟ್ರೂವೈಟ್ ಕಲ್ಲು ವೈದ್ಯರು ಸೂಚಿಸುವ ವಿಶೇಷ ಆಹಾರದಿಂದ ಕೆಲವು ವಾರಗಳಲ್ಲಿ ಕರಗುತ್ತದೆ, ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಯಾವ ಆಹಾರಕ್ಕೂ ಕರಗದು. ಯಾವ ಕಲ್ಲೆಂದು ತಿಳಿಯದೆ ಆಹಾರ ಬದಲಿಸುವುದು ಸಲ್ಲದು.

ನೀರೇ ಮುಖ್ಯ

ಸಾಕುಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಶುಷ್ಕ ಪ್ರದೇಶಗಳ ಕಾಡುಬೆಕ್ಕು. ಅಲ್ಲಿ ನೀರು ದುರ್ಲಭವಾಗಿದ್ದುದರಿಂದ ಬೇಟೆಯ ಮಾಂಸದಲ್ಲಿರುವ ನೀರನ್ನೇ ನೆಚ್ಚಿ, ಮೂತ್ರವನ್ನು ಅತಿ ಸಾಂದ್ರಗೊಳಿಸಿ ಬದುಕುವ ಗುಣ ಅದಕ್ಕೆ ಬಂದಿದೆ. ಬಾಯಾರಿಕೆ ಅದಕ್ಕೆ ಸಹಜವಾಗಿಯೇ ಕಡಿಮೆ. ಇಲಿಯ ದೇಹದ ಸುಮಾರು 70 ಭಾಗ ನೀರು. ಉಗ್ರಾಣದ ಇಲಿ ಹಿಡಿದು ತಿನ್ನುತ್ತಿದ್ದ ಬೆಕ್ಕಿಗೆ ಆಹಾರವೇ ನೀರನ್ನೂ ಒದಗಿಸುತ್ತಿತ್ತು. ಈಗ ಹಳ್ಳಿಯ ಅಂಗಡಿಗಳಲ್ಲಿಯೂ ದೊರೆಯುವ ಒಣ ಆಹಾರದಲ್ಲಿ ಶೇಕಡ 10ರಷ್ಟು ನೀರೂ ಇರುವುದಿಲ್ಲ.

ಲೆಕ್ಕ ಹಾಕಿ ನೋಡಿ. 4 ಕಿಲೋ ತೂಕದ ಬೆಕ್ಕಿಗೆ ಆಹಾರದ ನೀರೂ ಸೇರಿದಂತೆ ದಿನಕ್ಕೆ ಸುಮಾರು 200 ಮಿಲಿಲೀಟರ್ ನೀರು ಬೇಕು. 60 ಗ್ರಾಂ ಒಣ ಆಹಾರದಿಂದ ದೊರೆಯುವುದು ಸುಮಾರು 6 ಮಿಲಿಲೀಟರ್. ಅದೇ 150 ಗ್ರಾಂ ಬೇಯಿಸಿದ ಮೀನು ಅಥವಾ ಕೋಳಿಮಾಂಸದಿಂದ 100 ಮಿಲಿಲೀಟರ್ ದೊರೆಯುತ್ತದೆ, ಬೇಯಿಸಿದ ನೀರನ್ನೂ ಬೆರೆಸಿದರೆ ಇನ್ನಷ್ಟು. ಆ ನೀರನ್ನು ಚೆಲ್ಲಬಾರದು. ಬೆಕ್ಕಿನ ಹೃದಯಕ್ಕೂ ಕಣ್ಣಿಗೂ ಅಗತ್ಯವಾದ ಟಾರಿನ್ ಎಂಬ ಪೋಷಕಾಂಶ ಅದರಲ್ಲಿ ಕರಗಿರುತ್ತದೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿರಿ. ಬರಿಯ ಮೀನು-ಅನ್ನ ದೀರ್ಘಕಾಲ ಪೂರ್ಣ ಆಹಾರವಾಗದು. ಒಣ ಆಹಾರವನ್ನು ಪೂರ್ತಿ ಬಿಡಲಾಗದವರು ಅದನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ ಕೊಡಬಹುದು. ಕರಾವಳಿಯ ಮನೆಗಳಲ್ಲಿ ಒಣಮೀನು ಹಾಕುವ ರೂಢಿಯಿದೆ; ಅದರಲ್ಲಿ ಉಪ್ಪು ಹೆಚ್ಚು, ನೀರಿಲ್ಲ.

ಆಹಾರ ಬದಲಾವಣೆ 7ರಿಂದ 10 ದಿನಗಳಲ್ಲಿ ಹಂತ ಹಂತವಾಗಿ ಆಗಲಿ. ಹಸಿದರೆ ತಾನೇ ತಿನ್ನುತ್ತದೆಂದು ದಿನಗಟ್ಟಲೆ ಉಪವಾಸ ಕೆಡವಿದರೆ, ವಿಶೇಷವಾಗಿ ದಪ್ಪ ಬೆಕ್ಕುಗಳಲ್ಲಿ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಬೇರೊಂದು ಕಾಯಿಲೆ ಬರುತ್ತದೆ. ಹಾಲು ನೀರಿಗೆ ಬದಲಿಯಲ್ಲ. ಬೆಳೆದ ಅನೇಕ ಬೆಕ್ಕುಗಳಿಗೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ. ಅಗಲ ಬಾಯಿಯ ಮಣ್ಣಿನ ಅಥವಾ ಸ್ಟೀಲ್ ಪಾತ್ರೆಗಳಲ್ಲಿ, ಆಹಾರದಿಂದ ದೂರ, ಎರಡು-ಮೂರು ಕಡೆ ನೀರಿಟ್ಟು ನಿತ್ಯ ಬದಲಿಸಿರಿ.

ಮಳೆಗಾಲ, ಜಾಗ, ತೂಕ

ಹೊಲ, ತೋಟದಲ್ಲಿ ಮೂತ್ರ ಮಾಡುವ ಬೆಕ್ಕು ಮಲೆನಾಡಿನ ಜಡಿಮಳೆಯಲ್ಲಿ ಹೊರಹೋಗಲಾರದೆ ಮೂತ್ರವನ್ನು ತಡೆಹಿಡಿಯುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ ಒಣ ಮರಳು ಅಥವಾ ಮರದ ಹೊಟ್ಟು ತುಂಬಿದ ಅಗಲ ತಟ್ಟೆ ಇಟ್ಟರೆ ಸಾಕು. ಬೆಕ್ಕುಗಳ ಸಂಖ್ಯೆಗಿಂತ ಒಂದು ತಟ್ಟೆ ಹೆಚ್ಚಿರಲಿ, ಪ್ರತಿದಿನ ಶುಚಿಯಾಗಲಿ. ಇದರಿಂದ ಇನ್ನೊಂದು ಲಾಭವಿದೆ: ಬೆಕ್ಕು ದಿನಕ್ಕೆ ಎಷ್ಟು ಬಾರಿ ಮೂತ್ರ ಮಾಡಿತು ಎಂಬುದು ನಿಮ್ಮ ಕಣ್ಣಿಗೆ ಬೀಳುತ್ತದೆ. ಆರೋಗ್ಯವಂತ ಬೆಕ್ಕಿನಲ್ಲಿ ಇದು ಸಾಮಾನ್ಯವಾಗಿ ಎರಡರಿಂದ ನಾಲ್ಕು ಬಾರಿ. ಮನೆಗೆ ಹೊಸ ನಾಯಿ ಬಂದಾಗ, ಮದುವೆ, ಗೃಹಪ್ರವೇಶದ ಗದ್ದಲದಲ್ಲಿ, ಬೆಕ್ಕಿಗೆ ಅಡಗಿ ಕುಳಿತುಕೊಳ್ಳಲು ಎತ್ತರದ ಅಟ್ಟವೊಂದನ್ನು ಬಿಟ್ಟುಕೊಡಿ.

ಸಂತಾನಹರಣ ಚಿಕಿತ್ಸೆಯಿಂದ ಮೂತ್ರನಾಳ ಕಿರಿದಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಚಿಕಿತ್ಸೆಯ ನಂತರ ಬೆಕ್ಕಿನ ಶಕ್ತಿಯ ಅಗತ್ಯ ಸುಮಾರು ಕಾಲುಭಾಗ ಇಳಿಯುತ್ತದೆ, ನಾವು ಹಾಕುವ ಪ್ರಮಾಣ ಇಳಿಯುವುದಿಲ್ಲ. ತೊಂದರೆ ಇರುವುದು ಹೀಗೆ ಬರುವ ಬೊಜ್ಜಿನಲ್ಲಿ.

ಒಮ್ಮೆ ಮೂತ್ರ ಕಟ್ಟಿದ ಬೆಕ್ಕಿನಲ್ಲಿ ಅದು ಮರುಕಳಿಸುವುದು ಸಾಮಾನ್ಯ, ಅದರಲ್ಲಿಯೂ ಮೊದಲ ಕೆಲವು ದಿನಗಳು ಸೂಕ್ಷ್ಮ. ಆಸ್ಪತ್ರೆಯಿಂದ ಮರಳಿದ ಬೆಕ್ಕನ್ನು ಕನಿಷ್ಠ ಎರಡು ವಾರ ಹೊರಗೆ ಬಿಡದೆ ಒಂದು ಕೋಣೆಯಲ್ಲಿರಿಸಿ, ತಟ್ಟೆಯ ಒದ್ದೆ ಮರಳನ್ನು ಬೆಳಿಗ್ಗೆ ಸಂಜೆ ನೋಡಿರಿ. ಸಂಜೆಯೂ ಮರಳು ಒಣಗಿಯೇ ಇದ್ದರೆ ಮತ್ತೆ ವೈದ್ಯರಿಗೆ ಕರೆ ಮಾಡಿರಿ.