ಗಿಟಾರು ಯಾಕೆ ‘ಜೀರ್’ ಅನ್ನುತ್ತದೆ?

ಡಿಸೆಂಬರಿನ ಒಂದು ಸಂಜೆ ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿ ಗಿಟಾರು ಎತ್ತಿಕೊಂಡು ಬಂದಳು. ಕಣ್ಣಲ್ಲಿ ನೀರು.

“ಮಾಮ, ಕ್ರಿಸ್‌ಮಸ್ ಹಾಡಿಗೆ ನಾನೇ ಬಾರಿಸಬೇಕು. ತಂತಿ ಒತ್ತಿದರೆ ಜೀರ್ ಅಂತದೆ. ನನ್ನ ಬೆರಳೇ ಸರಿ ಇಲ್ಲವೋ ಏನೋ!”

ಒತ್ತಿ ಒತ್ತಿ ಬೆರಳ ತುದಿ ಕೆಂಪಾಗಿತ್ತು. ತಪ್ಪು ಬೆರಳಿನದಲ್ಲ, ನನ್ನದು! ಆಟಿ ತಿಂಗಳಲ್ಲಿ “ತಂತಿ ತುಂಬಾ ಎತ್ತರ” ಎಂದಳೆಂದು ಗಿಟಾರಿನ ಕತ್ತಿನೊಳಗಿನ ಕಬ್ಬಿಣದ ಸರಳನ್ನು ಬಿಗಿ ಮಾಡಿಕೊಟ್ಟವನು ನಾನೇ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಇದು ಗೊತ್ತು: ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಬೇಸಗೆಯಲ್ಲಿ ಸಲೀಸಾಗಿ ಮುಚ್ಚುತ್ತದೆ. ಗಿಟಾರೂ ಮರವೇ. ತೇವ ಹೀರಿ ಅದರ ಮುಂದಿನ ಹಲಗೆ ಉಬ್ಬಿದರೆ ತಂತಿ ಮೇಲೇಳುತ್ತದೆ. ಒಣ ಗಾಳಿಗೆ ಹಲಗೆ ಇಳಿದರೆ ತಂತಿಯೂ ಇಳಿಯುತ್ತದೆ. ಆಗ ಮಿಡಿದ ತಂತಿಗೆ ಆಡಲು ಜಾಗ ಸಾಲದೆ, ಕತ್ತಿನ ಮೇಲಿನ ಲೋಹದ ಪಟ್ಟಿಗೆ, ಅಂದರೆ ಫ್ರೆಟ್ಟಿಗೆ, ತಾಗುತ್ತದೆ. ಜೀರ್ ಸದ್ದು ಅದೇ.

ಮಕ್ಕಳೇ, ನಿಮ್ಮ ಗಿಟಾರೂ ಹೀಗಾದರೆ ಹೆದರಬೇಡಿ. ಮೊದಲು ಶ್ರುತಿ ನೋಡಿ. ಸಡಿಲ ತಂತಿ ಹೆಚ್ಚು ಆಡುತ್ತದೆ. ಬೆರಳನ್ನು ಫ್ರೆಟ್ಟಿನ ಹಿಂದೆಯೇ, ಅದಕ್ಕೆ ಹತ್ತಿರ ಇಡಿ. ಆಮೇಲೆ ಒಂದೊಂದೇ ಫ್ರೆಟ್ಟಿನಲ್ಲಿ ಒತ್ತಿ ಕೇಳಿ. ಒತ್ತದೆ ಮಿಡಿದಾಗ ಮಾತ್ರ ಸದ್ದು ಬಂದರೆ, ಕತ್ತಿನ ತುದಿಯಲ್ಲಿ ತಂತಿ ಕೂರುವ ಗೀರು ಸವೆದಿರಬಹುದು. ಒಂದೇ ಜಾಗದಲ್ಲಿ ಬಂದರೆ, ಅದರ ಮುಂದಿನ ಫ್ರೆಟ್ಟು ಎದ್ದಿರಬಹುದು. ಇವೆರಡೂ ರಿಪೇರಿಯವರ ಕೆಲಸ. ಅರದಿಂದ ಉಜ್ಜಲು ಹೋಗಬೇಡಿ. ಉಜ್ಜಿಹೋದ ಲೋಹ ಮರಳಿ ಬಾರದು.

ಹಲವು ಕಡೆ ಸದ್ದು ಬಂದರೆ ಕತ್ತು ನೋಡಿ. ದಪ್ಪ ತಂತಿಯನ್ನು 1ನೇ ಫ್ರೆಟ್ಟಿನಲ್ಲೂ 14ನೇ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ, 7ನೇ ಫ್ರೆಟ್ಟಿನ ಮೇಲೆ, ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಇರಬೇಕು. ನಮ್ಮ ಹುಡುಗಿಯ ಗಿಟಾರಿನಲ್ಲಿ ಸಂದೇ ಇರಲಿಲ್ಲ. ಸರಳಿನ ತಿರುಪನ್ನು ಎಡಕ್ಕೆ ಕಾಲು ಸುತ್ತು ಸಡಿಲಿಸಿ, ಶ್ರುತಿ ಮಾಡಿ, ರಾತ್ರಿಯಿಡೀ ಬಿಟ್ಟೆ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಇದನ್ನು ದೊಡ್ಡವರೇ ಮಾಡಬೇಕು. ನೈಲಾನ್ ತಂತಿಯ ಎಷ್ಟೋ ಗಿಟಾರುಗಳಲ್ಲಿ ಈ ಸರಳೇ ಇರುವುದಿಲ್ಲ.

ತಮಾಷೆ ನೋಡಿ, ತಂಬೂರಿಯಲ್ಲಿ ಇಂಥದೇ ಝೇಂಕಾರ ಬರಲೆಂದು ತಂತಿಯ ಕೆಳಗೆ ಬೇಕೆಂದೇ ನೂಲು ಸಿಕ್ಕಿಸುತ್ತಾರೆ. ಅಲ್ಲಿ ಅದು ಸೊಗಸು, ಗಿಟಾರಿನಲ್ಲಿ ಕಿರಿಕಿರಿ!

ಮರುದಿನ ಹುಡುಗಿ ಹೆದರುತ್ತಲೇ ಬೆರಳಿಟ್ಟಳು. ಹಗುರಾಗಿ ಒತ್ತಿದರೂ ಸ್ವರ ತಿಳಿಯಾಗಿ ಬಂತು.

“ಹಾಗಾದರೆ ನನ್ನ ಬೆರಳು ಸರಿ ಇದೆಯಾ ಮಾಮ?”

“ಮೊದಲಿನಿಂದಲೂ ಸರಿಯೇ ಇತ್ತು ಮಗಾ” ಎಂದೆ.