‘ಇಲ್ಮ್ಯಾಟಿಕ್’ ಗೀತಸಂಪುಟ: ಅದರ ರಚನೆ ಮತ್ತು ಸ್ವೀಕಾರ

೧

ಬರೆಹವನ್ನು ಅವಲಂಬಿಸದೆ ಬಾಯಿಂದ ಬಾಯಿಗೆ ಸಾಗುವ ಕಾವ್ಯವನ್ನು ಅಭ್ಯಾಸಮಾಡುವವರಿಗೆ ಸಾಮಾನ್ಯವಾಗಿ ಎರಡು ಕೊರತೆಗಳು ಎದುರಾಗುತ್ತವೆ. ಅದು ಯಾರಿಂದ, ಎಂದು, ಯಾವ ಸನ್ನಿವೇಶದಲ್ಲಿ ರಚಿತವಾಯಿತೆಂಬುದು ತಿಳಿಯದಿರುವುದು ಒಂದು. ಅದನ್ನು ಮೊದಲು ಕೇಳಿದವರು ಏನೆಂದು ಬಗೆದರೆಂಬುದು ತಿಳಿಯದಿರುವುದು ಇನ್ನೊಂದು. ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದ ಹಿಪ್‌ಹಾಪ್ ಎಂಬ ಗೀತಪ್ರಕಾರದ ವಿಷಯದಲ್ಲಿ ಈ ಕೊರತೆಗಳು ಬಹುಮಟ್ಟಿಗೆ ಇಲ್ಲ. ಅದು ಹುಟ್ಟಿದ ಬೀದಿ, ಅದನ್ನು ಬೆಳೆಸಿದವರ ಹೆಸರು, ಹಾಡುಗಳು ಹೊರಬಂದ ದಿನ, ಮೊದಲ ವಿಮರ್ಶೆಗಳು ಇವೆಲ್ಲವೂ ದಾಖಲೆಯಲ್ಲಿ ಉಳಿದಿವೆ. ಆದಕಾರಣ ಬಾಯಿಮಾತಿನ ಕೃತಿಯೊಂದು ಮೇರುಕೃತಿಯೆಂಬ ಮನ್ನಣೆಗೆ ಪಾತ್ರವಾಗುವ ಬಗೆಯನ್ನು ಅರಿಯಲು ಇದು ಬಹಳ ಅನುಕೂಲವಾದ ಕ್ಷೇತ್ರವೆನ್ನಬಹುದು.

ಪ್ರಕೃತ ಲೇಖನದಲ್ಲಿ ನಾವು ನಾಸ್ ಎಂಬ ಹೆಸರಿನಿಂದ ಪ್ರಸಿದ್ಧರಾದ ನಾಸಿರ್ ಜೋನ್ಸ್ ಅವರ ಮೊದಲನೆಯ ಗೀತಸಂಪುಟವಾದ ‘ಇಲ್ಮ್ಯಾಟಿಕ್’ ಎಂಬುದನ್ನು ಪರಿಶೀಲನೆಗೆ ತೆಗೆದುಕೊಂಡಿದ್ದೇವೆ. ಅದು ೧೯೯೪ರ ಏಪ್ರಿಲ್ ೧೯ರಂದು ಪ್ರಕಟವಾಯಿತು. ಆಗ ಕವಿಗೆ ಇಪ್ಪತ್ತು ವರ್ಷ. ಹತ್ತು ಭಾಗಗಳು, ನಾಲ್ವತ್ತು ನಿಮಿಷದೊಳಗಿನ ಕಾಲ, ಒಂದೇ ವಸತಿ ಪ್ರದೇಶದ ವೃತ್ತಾಂತ: ಇಷ್ಟೇ ಅದರ ಹರವು. ಈ ಮಿತಿಯೇ ಆ ಕೃತಿಯ ಶಕ್ತಿಗೆ ಮೂಲವೆಂಬುದೂ, ಅದರ ಕೀರ್ತಿಯನ್ನು ಕಟ್ಟಿದವರು ಕೊಂಡವರಿಗಿಂತ ಹೆಚ್ಚಾಗಿ ಕಿವಿಗೊಟ್ಟು ಕೇಳಿದವರೆಂಬುದೂ ನಮ್ಮ ಅಭಿಪ್ರಾಯ.

೨

೧೯೭೩ನೆಯ ವರ್ಷವನ್ನು ಮೂರು ಕಾರಣಗಳಿಂದ ನಾವು ಇಲ್ಲಿ ಆರಂಭಬಿಂದುವಾಗಿ ಇಟ್ಟುಕೊಳ್ಳಬಹುದು. ಆ ವರ್ಷದ ಆಗಸ್ಟ್ ೧೧ರಂದು ನಗರದ ಬ್ರಾಂಕ್ಸ್ ವಿಭಾಗದಲ್ಲಿ, ಸೆಜ್‌ವಿಕ್ ಅವೆನ್ಯೂವಿನ ೧೫೨೦ನೆಯ ಸಂಖ್ಯೆಯ ವಸತಿ ಕಟ್ಟಡದಲ್ಲಿ, ಜಮೈಕಾ ಮೂಲದ ಡಿಜೆ ಕೂಲ್ ಹರ್ಕ್ ಅವರು ಸಂಗೀತವನ್ನು ನುಡಿಸಿದ ಕೂಟದಿಂದ ಹಿಪ್‌ಹಾಪ್‌ನ ಇತಿಹಾಸವನ್ನು ಎಣಿಸುವುದು ವಾಡಿಕೆ. ಒಂದೇ ಹಾಡಿನ ಎರಡು ಗ್ರಾಮಫೋನ್ ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿರಿಸಿ, ಗಾಯನ ನಿಂತು ಬರಿಯ ತಾಳವಾದ್ಯ ಮೊಳಗುವ ತುಣುಕನ್ನು ಮತ್ತೆ ಮತ್ತೆ ನುಡಿಸಿ, ಕುಣಿಯುವವರಿಗಾಗಿ ಅದನ್ನು ಬೆಳೆಸುವ ಉಪಾಯವನ್ನು ರೂಢಿಗೆ ತಂದವರು ಹರ್ಕ್. ಆ ತಾಳದ ಮೇಲೆ ಪ್ರಾಸಬದ್ಧವಾಗಿ ನುಡಿಯುವ ಪದ್ಯವೇ ಮುಂದೆ ರ‍್ಯಾಪ್ ಎನಿಸಿತು. ಅದೇ ವರ್ಷದ ಸೆಪ್ಟೆಂಬರ್ ೧೪ರಂದು ನಾಸ್ ಹುಟ್ಟಿದರು. ಕವಿಯೂ ಕಾವ್ಯಪ್ರಕಾರವೂ ಹೀಗೆ ಸಮವಯಸ್ಕರು.

ಮೂರನೆಯದು ಶಾಸನಕ್ಕೆ ಸಂಬಂಧಿಸಿದ್ದು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿ ಗವರ್ನರ್ ನೆಲ್ಸನ್ ರಾಕಫೆಲರ್ ಅವರ ಹೆಸರಿನಿಂದ ಪ್ರಸಿದ್ಧವಾದ ಮಾದಕವಸ್ತು ಕಾನೂನುಗಳು ಜಾರಿಗೆ ಬಂದುವು. ಕೆಲವೇ ಔನ್ಸ್‌ಗಳನ್ನು ಮಾರಿದವರಿಗೂ ಕನಿಷ್ಠ ಹದಿನೈದು ವರ್ಷದಿಂದ ಜೀವಾವಧಿಯವರೆಗಿನ ಸೆರೆವಾಸವನ್ನು ಅವು ವಿಧಿಸಿದುವು. ೧೯೮೦ರ ದಶಕದಲ್ಲಿ ಕ್ರ್ಯಾಕ್ ಎಂಬ ಅಗ್ಗದ ಕೊಕೇನ್ ಬಡವರ ಕೇರಿಗಳಿಗೆ ನುಗ್ಗಿದಾಗ ಈ ಕಾನೂನುಗಳ ಭಾರ ಅಲ್ಲಿಯ ತರುಣರ ಮೇಲೆ ಬಿದ್ದಿತು. ರಾಜ್ಯದ ಸೆರೆಮನೆಗಳಲ್ಲಿದ್ದವರ ಸಂಖ್ಯೆ ೧೯೯೯ರ ವೇಳೆಗೆ ಎಪ್ಪತ್ತು ಸಾವಿರವನ್ನು ಮೀರಿತು. ೨೦೦೪ ಮತ್ತು ೨೦೦೯ರಲ್ಲಿ ಆ ಕಾನೂನುಗಳನ್ನು ಸಡಿಲಿಸಲಾಯಿತು. ‘ಇಲ್ಮ್ಯಾಟಿಕ್’ ರಚಿತವಾದುದು ಅವು ಇನ್ನೂ ಜಾರಿಯಲ್ಲಿದ್ದ ಕಾಲದಲ್ಲಿ.

ನಾಸ್ ಬೆಳೆದ ಸ್ಥಳ ಕ್ವೀನ್ಸ್ ವಿಭಾಗದ ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯ. ಹತ್ತಿರದ ಕ್ವೀನ್ಸ್‌ಬರೋ ಸೇತುವೆಯಿಂದ ಅದಕ್ಕೆ ಆ ಹೆಸರು ಬಂದಿದೆ. ೧೯೩೯ರಲ್ಲಿ ತೆರೆದ ಈ ಸಮುಚ್ಚಯದಲ್ಲಿ ಆರಂತಸ್ತಿನ ೯೬ ಕಟ್ಟಡಗಳೂ ಮೂರು ಸಾವಿರಕ್ಕೂ ಮೀರಿದ ಮನೆಗಳೂ ಇವೆ. ಉತ್ತರ ಅಮೆರಿಕದಲ್ಲಿ ಸರಕಾರ ನಿರ್ಮಿಸಿದ ವಸತಿ ಸಮುಚ್ಚಯಗಳಲ್ಲಿ ಅದೇ ಅತಿ ದೊಡ್ಡದು. ೧೯೮೦ರ ದಶಕದ ನಡುವಿನಲ್ಲಿ ಅಲ್ಲಿಯವರೇ ಆದ ಮಾರ್ಲಿ ಮಾರ್ಲ್, ಎಂ. ಸಿ. ಶಾನ್, ರಾಕ್ಸಾನ್ ಶಾಂಟೆ ಮೊದಲಾದವರು ಹಿಪ್‌ಹಾಪ್‌ನಲ್ಲಿ ಹೆಸರಾಗಿದ್ದರು. ದಕ್ಷಿಣ ಬ್ರಾಂಕ್ಸ್‌ನ ಬೂಗೀ ಡೌನ್ ಪ್ರೊಡಕ್ಷನ್ಸ್ ತಂಡದೊಡನೆ ನಡೆದ ಹಾಡಿನ ಜಗಳದಲ್ಲಿ ಅವರಿಗೆ ಹಿನ್ನಡೆಯಾಗಿ ಊರಿನ ಹೆಸರು ಮಂಕಾಗಿತ್ತು. ಎಂಟನೆಯ ತರಗತಿಯ ಬಳಿಕ ಶಾಲೆಯನ್ನು ಬಿಟ್ಟ ಈ ಹುಡುಗ ಬೆಳೆದುದು ಇಂತಹ ನೆರೆಹೊರೆಯಲ್ಲಿ. ಅವರ ತಂದೆ ಓಲು ದಾರಾ ಮಿಸಿಸಿಪಿ ರಾಜ್ಯದ ನ್ಯಾಚೆಜ್ ಪಟ್ಟಣದಿಂದ ಬಂದ ಜ್ಯಾಸ್ ವಾದಕರು. ತಾಯಿ ಅಂಚೆ ಇಲಾಖೆಯಲ್ಲಿ ಕೆಲಸದಲ್ಲಿದ್ದರು.

೩

ನಾಸ್ ಅವರ ಧ್ವನಿ ಮೊದಲು ಜನರ ಕಿವಿಗೆ ಬಿದ್ದುದು ೧೯೯೧ರಲ್ಲಿ, ಮೇನ್ ಸೋರ್ಸ್ ಎಂಬ ತಂಡದ ಹಾಡೊಂದರ ಆರಂಭದ ಪದ್ಯದಲ್ಲಿ. ಆ ತಂಡದ ಲಾರ್ಜ್ ಪ್ರೊಫೆಸರ್ ಅವರು ಅವರನ್ನು ಕರೆತಂದಿದ್ದರು. ಮರುವರ್ಷ ‘ಝೀಬ್ರಾಹೆಡ್’ ಎಂಬ ಚಲನಚಿತ್ರದ ಸಂಗೀತ ಸಂಪುಟದಲ್ಲಿ ಅವರ ಸ್ವಂತ ಹಾಡು ‘ಹಾಫ್‌ಟೈಮ್’ ಸೇರಿತು. ಎಂ. ಸಿ. ಸರ್ಚ್ ಎಂಬ ಹಿರಿಯ ಕಲಾವಿದರ ಪ್ರಯತ್ನದಿಂದಲೂ, ಕೊಲಂಬಿಯಾ ಧ್ವನಿಮುದ್ರಣ ಸಂಸ್ಥೆಯ ಅಧಿಕಾರಿ ಫೇತ್ ನ್ಯೂಮನ್ ಅವರ ಆಸಕ್ತಿಯಿಂದಲೂ ಆ ಸಂಸ್ಥೆಯೊಡನೆ ಒಪ್ಪಂದವಾಯಿತು. ಇದೇ ಅವಧಿಯಲ್ಲಿ, ೧೯೯೨ರ ಮೇ ತಿಂಗಳಲ್ಲಿ, ಕವಿಯ ಆಪ್ತಮಿತ್ರನೊಬ್ಬ ಗುಂಡಿಗೆ ಬಲಿಯಾದನು, ತಮ್ಮನೂ ಗಾಯಗೊಂಡನು. ಸಂಪುಟದುದ್ದಕ್ಕೂ ಕಾಣುವ ಗತಿಸಿದವರ ಸ್ಮರಣೆಗೆ ಈ ಘಟನೆ ಹಿನ್ನೆಲೆಯಾಗಿದೆ.

ಆ ಕಾಲದವರೆಗೆ ಒಂದು ರ‍್ಯಾಪ್ ಸಂಪುಟದ ಸಂಗೀತವನ್ನು ಒಬ್ಬರೇ, ಅಥವಾ ಒಂದೇ ತಂಡದವರು ಹೆಣೆಯುವುದು ಸಾಮಾನ್ಯ ಪದ್ಧತಿಯಾಗಿತ್ತು. ‘ಇಲ್ಮ್ಯಾಟಿಕ್’ನಲ್ಲಿಯಾದರೋ ಡಿಜೆ ಪ್ರೀಮಿಯರ್, ಲಾರ್ಜ್ ಪ್ರೊಫೆಸರ್, ಪೀಟ್ ರಾಕ್, ಕ್ಯೂ-ಟಿಪ್, ಎಲ್. ಇ. ಎಸ್. ಎಂಬ ಐವರು ಬೇರೆ ಬೇರೆ ಹಾಡುಗಳ ಸಂಗೀತವನ್ನು ಸಿದ್ಧಪಡಿಸಿದರು. ಒಬ್ಬ ತರುಣನಿಗಾಗಿ ನಗರದ ಹೆಸರಾಂತ ಸಂಗೀತ ನಿರ್ಮಾಪಕರು ಒಂದೆಡೆ ಸೇರಿದುದು ಆಗ ಹೊಸತು. ಮುಂದೆ ಅದೇ ಇತರರಿಗೆ ಮಾದರಿಯಾಯಿತು.

ಈ ನಿರ್ಮಾಪಕರ ಕೆಲಸದ ರೀತಿಯನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಅವರು ಹೊಸದಾಗಿ ವಾದ್ಯಗಳನ್ನು ನುಡಿಸುವುದು ಕಡಿಮೆ. ಹಳೆಯ ತಟ್ಟೆಗಳಿಂದ ಕೆಲವು ಕ್ಷಣಗಳ ನಾದವನ್ನು ಯಂತ್ರಕ್ಕೆ ತುಂಬಿಕೊಂಡು, ಅದನ್ನು ಕತ್ತರಿಸಿ, ವೇಗವನ್ನು ಬದಲಿಸಿ, ಹೊಸ ತಾಳದ ಮೇಲೆ ಆವರ್ತಿಸುವಂತೆ ಜೋಡಿಸುತ್ತಾರೆ. ಇದಕ್ಕೆ ಸ್ಯಾಂಪ್ಲಿಂಗ್ ಎಂದು ಹೆಸರು. ಪೀಟ್ ರಾಕ್, ಲಾರ್ಜ್ ಪ್ರೊಫೆಸರ್ ಮೊದಲಾದವರ ಕೈಯಲ್ಲಿದ್ದ ಎಸ್‌ಪಿ-೧೨೦೦ ಎಂಬ ಯಂತ್ರದಲ್ಲಿ ಒಟ್ಟಿಗೆ ಹಿಡಿಸುತ್ತಿದ್ದುದು ಸುಮಾರು ಹತ್ತು ಸೆಕೆಂಡುಗಳ ನಾದ ಮಾತ್ರ. ನಿಮಿಷಕ್ಕೆ ಮೂವತ್ತಮೂರು ಸುತ್ತಿನ ತಟ್ಟೆಯನ್ನು ನಾಲ್ವತ್ತೈದು ಸುತ್ತಿನ ವೇಗದಲ್ಲಿ ನುಡಿಸಿ ತುಂಬಿಕೊಂಡು, ಆಮೇಲೆ ಯಂತ್ರದೊಳಗೆ ನಿಧಾನಗೊಳಿಸಿ, ಅವರು ಈ ಸಂಕೋಚವನ್ನು ದಾಟುತ್ತಿದ್ದರು. ಹಾಗೆ ನಿಧಾನಗೊಳಿಸಿದ ನಾದಕ್ಕೆ ಒಂದು ಬಗೆಯ ಒರಟುತನ ಬರುತ್ತಿತ್ತು. ಆ ಒರಟುತನವೇ ಅಂದಿನ ನ್ಯೂಯಾರ್ಕ್ ರ‍್ಯಾಪಿನ ಗುರುತಾಯಿತು. ಇನ್ನೊಂದು ಸಂಕೋಚ ನ್ಯಾಯಾಲಯದಿಂದ ಬಂದಿತು. ೧೯೯೧ರ ಡಿಸೆಂಬರಿನಲ್ಲಿ ಗ್ರ್ಯಾಂಡ್ ಅಪ್‌ರೈಟ್ ಮತ್ತು ವಾರ್ನರ್ ಸಂಸ್ಥೆಗಳ ನಡುವಣ ಮೊಕದ್ದಮೆಯ ತೀರ್ಪಿನ ಅನಂತರ, ಅನುಮತಿಯಿಲ್ಲದೆ ಹಳೆಯ ನಾದವನ್ನು ಬಳಸುವುದು ಅಪಾಯಕರವಾಯಿತು. ಹತ್ತಾರು ತುಣುಕುಗಳನ್ನು ಒಂದರ ಮೇಲೊಂದು ಪೇರಿಸುವ ಪದ್ಧತಿ ವೆಚ್ಚದ ಕೆಲಸವಾಯಿತು. ‘ಇಲ್ಮ್ಯಾಟಿಕ್’ನ ಸಂಗೀತದಲ್ಲಿ ಕಾಣುವ ಮಿತವ್ಯಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅಹ್ಮದ್ ಜಮಾಲ್ ಅವರ ಪಿಯಾನೋವಿನ ಒಂದು ಎಳೆ, ಜೋ ಚೇಂಬರ್ಸ್ ಅವರ ರಚನೆಯ ಒಂದು ಸ್ವರಪುಂಜ, ಮೈಕೆಲ್ ಜ್ಯಾಕ್ಸನ್ನರ ೧೯೮೨ರ ಹಾಡೊಂದರ ಒಂದು ಛಾಯೆ: ಒಂದೊಂದು ಹಾಡೂ ಮುಖ್ಯವಾಗಿ ಇಂತಹ ಒಂದೊಂದು ತುಣುಕಿನ ಮೇಲೆ ನಿಂತಿದೆ. ಕವಿಯ ಮಾತಿಗೆ ಇದರಿಂದ ಬೇಕಾದಷ್ಟು ಅವಕಾಶ ದೊರೆಯಿತು.

ಬಳಸಿದ ತುಣುಕುಗಳಲ್ಲಿ ಹಲವು ಕವಿಯ ತಂದೆಯ ಪೀಳಿಗೆಯ ಜ್ಯಾಸ್ ಸಂಗೀತದವು. ಮೂರನೆಯ ಹಾಡಿನ ಕೊನೆಯಲ್ಲಿ ಓಲು ದಾರಾ ಅವರೇ ಬಂದು ಕಾರ್ನೆಟ್ ಎಂಬ ತುತ್ತೂರಿಯನ್ನು ನುಡಿಸಿದ್ದಾರೆ. ಯಂತ್ರದಲ್ಲಿ ಹಿಡಿದ ಹಳೆಯ ನಾದಗಳ ನಡುವೆ ಈ ಉಸಿರಿನ ನಾದ ಕೇಳಿಬಂದಾಗ, ಮಗನ ಕಾವ್ಯಕ್ಕೆ ತಂದೆಯ ಸಂಗೀತ ಪೂರ್ವಜವೆಂಬ ಸಂಗತಿ ವಿವರಣೆಯಿಲ್ಲದೆಯೇ ಮನದಟ್ಟಾಗುತ್ತದೆ.

೪

ಕನ್ನಡ ಛಂದಸ್ಸಿನಲ್ಲಿ ಪಳಗಿದ ವಾಚಕರು ಪ್ರಾಸವೆಂದೊಡನೆ ಪಾದದ ಎರಡನೆಯ ಅಕ್ಷರವನ್ನು ನೆನೆಯುತ್ತಾರೆ. ರ‍್ಯಾಪಿನ ಪ್ರಾಸ ಮುಖ್ಯವಾಗಿ ಪಾದಾಂತ್ಯದ್ದು. ನಾಲ್ಕು ಪೆಟ್ಟಿನ ಒಂದು ಆವರ್ತ ಒಂದು ಪಾದ. ಹದಿನಾರು ಪಾದಗಳದು ರೂಢಿಯ ಪದ್ಯ. ೧೯೮೦ರ ದಶಕದ ಕೊನೆಯಲ್ಲಿ ರಾಕಿಮ್, ಕೂಲ್ ಜಿ ರ‍್ಯಾಪ್ ಮೊದಲಾದವರು ಪಾದದ ನಡುವೆಯೂ ಪ್ರಾಸವನ್ನು ತಂದು, ಎರಡು ಮೂರು ಉಚ್ಚಾರಾಂಶಗಳ ಉದ್ದಕ್ಕೆ ಅದನ್ನು ಬೆಳೆಸಿದ್ದರು. ನಾಸ್ ಅವರಿಗೆ ಇದು ಸಿದ್ಧವಾಗಿ ದೊರೆತ ಸಂಪತ್ತು. ಅವರ ವಿಶೇಷವೆಂದರೆ, ಪ್ರಾಸ ಎಷ್ಟೇ ನಿಬಿಡವಾದರೂ ವಾಕ್ಯದ ಸಹಜವಾದ ನಡೆ ಕೆಡುವುದಿಲ್ಲ. ವಾಕ್ಯ ಒಂದು ಪಾದವನ್ನು ದಾಟಿ ಮುಂದಿನ ಪಾದದ ನಡುವೆ ನಿಲ್ಲುತ್ತದೆ. ಪ್ರಾಸ ಮಾತ್ರ ತನ್ನ ಸ್ಥಾನದಲ್ಲಿ ಬಂದು ಬೀಳುತ್ತದೆ. ಇದರಿಂದ ಕೇಳುವವರಿಗೆ ಕಟ್ಟಿದ ಪದ್ಯವೆಂಬ ಭಾವನೆಗಿಂತ, ಕಂಡದ್ದನ್ನು ಕಂಡ ಕ್ಷಣದಲ್ಲಿಯೇ ಹೇಳುತ್ತಿರುವನೆಂಬ ಭಾವನೆ ಉಂಟಾಗುತ್ತದೆ.

ಇದಕ್ಕೆ ಉತ್ತಮವಾದ ನಿದರ್ಶನ ಕ್ಯೂ-ಟಿಪ್ ಅವರು ಸಂಗೀತ ಹೆಣೆದ ‘ಒನ್ ಲವ್’ ಎಂಬ ಹಾಡು. ಅದರ ಮೊದಲ ಎರಡು ಪದ್ಯಗಳು ಸೆರೆಮನೆಯಲ್ಲಿರುವ ಗೆಳೆಯರಿಗೆ ಬರೆದ ಓಲೆಗಳ ರೂಪದಲ್ಲಿವೆ. ಊರಿನಲ್ಲಿ ಯಾರಿಗೆ ಮಗು ಹುಟ್ಟಿತು, ಯಾರು ಕೈಬಿಟ್ಟರು, ಯಾರಿಗೆ ಗುಂಡು ತಗುಲಿತು ಎಂಬ ವಾರ್ತೆಗಳೇ ಅವುಗಳ ವಸ್ತು. ಮೂರನೆಯ ಪದ್ಯದಲ್ಲಿ ಓಲೆ ನಿಂತು ಮುಖಾಮುಖಿ ಮಾತು ತೊಡಗುತ್ತದೆ: ಬೀದಿಯ ಬೆಂಚಿನ ಮೇಲೆ ಮಾದಕವಸ್ತು ಮಾರುತ್ತಿರುವ ಹನ್ನೆರಡು ವರ್ಷದ ಹುಡುಗನಿಗೆ ಕವಿ ಬುದ್ಧಿ ಹೇಳುತ್ತಾನೆ. ಸೆರೆಯಲ್ಲಿರುವವರಿಂದ ಸೆರೆಯ ದಾರಿ ಹಿಡಿದಿರುವವನೆಡೆಗೆ ಹಾಡು ಸಾಗುವ ಈ ಕ್ರಮದಲ್ಲಿಯೇ ಅದರ ಅರ್ಥ ಅಡಗಿದೆ. ಕಾನೂನನ್ನು ಹೆಸರಿಸಿ ನಿಂದಿಸುವ ಗೋಜಿಗೆ ಕವಿ ಹೋಗಿಲ್ಲ. ಆದರೂ ಆ ಕಾನೂನು ಒಂದು ಕೇರಿಗೆ ಮಾಡಿದ್ದೇನೆಂಬುದು ತಿಳಿಯದೆ ಉಳಿಯುವುದಿಲ್ಲ.

ಸಂಪುಟಕ್ಕೆ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಅದರ ಜಗತ್ತು ಗಂಡಸರ ಜಗತ್ತು. ಆ ಮನೆಗಳನ್ನು ನಡೆಸಿದ ಹೆಂಗಸರಿಗೆ ಅಲ್ಲಿ ತಮ್ಮ ಮಾತೆಂಬುದಿಲ್ಲ. ಅವರು ಬರುವುದು ಬೇರೆಯವರ ಮಾತಿನಲ್ಲಿ, ಅದೂ ಎಷ್ಟೋ ಸಲ ಕಹಿಯಾಗಿ.

೫

ಇನ್ನು ಸ್ವೀಕಾರದ ವಿಷಯ. ಬಿಡುಗಡೆಗೆ ಮೊದಲೇ ಸಂಪುಟದ ಕಳ್ಳಪ್ರತಿಗಳು ಹರಡಿದ್ದುವು. ‘ದಿ ಸೋರ್ಸ್’ ಎಂಬ ಹಿಪ್‌ಹಾಪ್ ಪತ್ರಿಕೆ ಅದಕ್ಕೆ ಐದಕ್ಕೆ ಐದು ‘ಮೈಕು’ಗಳನ್ನು ಕೊಟ್ಟಿತು. ಹೊಸಬರೊಬ್ಬರ ಮೊದಲ ಕೃತಿಗೆ ಇದು ಅಪೂರ್ವವಾದ ಮರ್ಯಾದೆ. ವಿಮರ್ಶೆಯನ್ನು ಬರೆದ ಮಿನ್ಯಾ ಓ ಅವರೂ ಆಗ ತರುಣಿಯೇ. ಮಾರುಕಟ್ಟೆಯ ಲೆಕ್ಕ ಬೇರೆಯಾಗಿತ್ತು. ‘ಬಿಲ್‌ಬೋರ್ಡ್’ ಪತ್ರಿಕೆಯ ಪಟ್ಟಿಯಲ್ಲಿ ಸಂಪುಟ ಹನ್ನೆರಡನೆಯ ಸ್ಥಾನದವರೆಗೆ ಮಾತ್ರ ಏರಿತು. ಮೊದಲ ವಾರ ಮಾರಾಟವಾದ ಪ್ರತಿಗಳು ಅರುವತ್ತು ಸಾವಿರದ ಆಸುಪಾಸು. ೧೯೯೩ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ನೂಪ್ ಡಾಗಿ ಡಾಗ್ ಅವರ ಮೊದಲ ಸಂಪುಟ ಒಂದೇ ವಾರದಲ್ಲಿ ಸುಮಾರು ಎಂಟು ಲಕ್ಷ ಪ್ರತಿಗಳಷ್ಟು ಮಾರಾಟವಾಗಿತ್ತೆಂಬುದನ್ನು ನೆನೆದರೆ ಈ ಅಂತರ ಸ್ಪಷ್ಟವಾಗುತ್ತದೆ. ‘ಇಲ್ಮ್ಯಾಟಿಕ್’ ಐದು ಲಕ್ಷದ ಮನ್ನಣೆಯನ್ನು ಪಡೆದುದು ೧೯೯೬ರ ಜನವರಿಯಲ್ಲಿ. ಹತ್ತು ಲಕ್ಷದ ಮನ್ನಣೆಯನ್ನು ಪಡೆದುದು ೨೦೦೧ರ ಡಿಸೆಂಬರಿನಲ್ಲಿ.

೧೯೯೬ರಲ್ಲಿ ಹೊರಬಂದ ನಾಸ್ ಅವರ ಎರಡನೆಯ ಸಂಪುಟ ಅದೇ ಪಟ್ಟಿಯಲ್ಲಿ ನೇರವಾಗಿ ಮೊದಲನೆಯ ಸ್ಥಾನಕ್ಕೆ ಬಂದಿತು. ಆದರೆ ಮೊದಲನೆಯದರ ಬಿಗಿ ಇದರಲ್ಲಿಲ್ಲವೆಂದು ಹಳೆಯ ಅಭಿಮಾನಿಗಳಲ್ಲಿ ಹಲವರು ಆಕ್ಷೇಪಿಸಿದರು. ಹೆಚ್ಚು ಮಾರಾಟವಾದ ಕೃತಿಯನ್ನು ಕಡಿಮೆ ಮಾರಾಟವಾದ ಕೃತಿಯ ಅಳತೆಗೋಲಿನಿಂದ ಅಳೆಯತೊಡಗಿದುದು ಗಮನಾರ್ಹ. ಅಂದಿನಿಂದ ಕವಿಯ ಪ್ರತಿಯೊಂದು ರಚನೆಯೂ ತನ್ನ ಹಿರಿಯಕ್ಕನ ಮುಂದೆ ಪರೀಕ್ಷೆಗೆ ನಿಲ್ಲಬೇಕಾಯಿತು.

ವಿದ್ವತ್ ವಲಯದ ಮನ್ನಣೆ ತಡವಾಗಿ ಬಂದರೂ ದೃಢವಾಗಿ ಬಂದಿತು. ೨೦೦೯ರಲ್ಲಿ ಮೈಕೆಲ್ ಎರಿಕ್ ಡೈಸನ್ ಮತ್ತು ಸೊಹೇಲ್ ದೌಲತ್‌ಜಾಯಿ ಅವರ ಸಂಪಾದಕತ್ವದಲ್ಲಿ, ಒಂದೊಂದು ಹಾಡನ್ನೂ ಒಬ್ಬೊಬ್ಬರು ವಿವೇಚಿಸಿದ ಗ್ರಂಥವೊಂದು ಪ್ರಕಟವಾಯಿತು. ೨೦೧೩ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನಾಸಿರ್ ಜೋನ್ಸ್ ಅವರ ಹೆಸರಿನ ಸಂಶೋಧನ ವೇತನ ಸ್ಥಾಪಿತವಾಯಿತು. ೨೦೧೪ರ ಮಾರ್ಚಿಯಲ್ಲಿ ವಾಷಿಂಗ್ಟನ್ನಿನ ಕೆನೆಡಿ ಕೇಂದ್ರದಲ್ಲಿ ರಾಷ್ಟ್ರೀಯ ವಾದ್ಯವೃಂದದೊಡನೆ ಸಂಪುಟದ ಪ್ರದರ್ಶನ ನಡೆಯಿತು. ೨೦೨೧ರ ಮಾರ್ಚಿಯಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

೬

ಈ ಮನ್ನಣೆಗಳನ್ನು ಎಣಿಸಿ ಲೇಖನವನ್ನು ಮುಗಿಸುವುದು ಸುಲಭ. ಆದರೆ ಅದು ಅರ್ಧ ಸತ್ಯವಾದೀತು. ೨೦೧೪ರಲ್ಲಿ ಈ ಸಂಪುಟವನ್ನು ಕುರಿತು ‘ಟೈಮ್ ಈಸ್ ಇಲ್ಮ್ಯಾಟಿಕ್’ ಎಂಬ ಸಾಕ್ಷ್ಯಚಿತ್ರ ಬಂದಿತು. ಸಂಪುಟಕ್ಕಾಗಿ ಕ್ವೀನ್ಸ್‌ಬ್ರಿಜ್‌ನಲ್ಲಿ ತೆಗೆದ ನೆರೆಹೊರೆಯವರ ಗುಂಪಿನ ಛಾಯಾಚಿತ್ರವೊಂದನ್ನು ಅದರಲ್ಲಿ ಕವಿಯ ತಮ್ಮ ಮುಂದಿಟ್ಟುಕೊಂಡು, ಒಬ್ಬೊಬ್ಬರ ಮುಖವನ್ನೂ ತೋರಿಸಿ, ಅವರಲ್ಲಿ ಯಾರು ಯಾರು ಸೆರೆಮನೆಯ ಪಾಲಾದರೆಂಬುದನ್ನು ತಿಳಿಸುತ್ತಾರೆ. ಕೃತಿ ಗ್ರಂಥಾಲಯದ ಕಪಾಟನ್ನು ಸೇರಿತು. ಚಿತ್ರದಲ್ಲಿದ್ದವರಲ್ಲಿ ಹಲವರಿಗೆ ಬಂದ ಗತಿ ಬೇರೆ.

ಬಾಯಿಮಾತಿನ ಕೃತಿಯನ್ನು ಮೇರುಕೃತಿಯೆಂದು ಕರೆಯುವಾಗ ವಿದ್ವಾಂಸರ ಮೇಲೆ ಒಂದು ಹೊಣೆ ಬೀಳುತ್ತದೆಂದು ಇದರಿಂದ ವ್ಯಕ್ತವಾಗುತ್ತದೆ. ಪ್ರಾಸವನ್ನು ಎಣಿಸಬೇಕು, ನಾದದ ಮೂಲವನ್ನು ಗುರುತಿಸಬೇಕು, ಪ್ರತಿಗಳ ಲೆಕ್ಕವನ್ನಿಡಬೇಕು. ಇವೆಲ್ಲ ನಮ್ಮ ಕೆಲಸವೇ ಸರಿ. ಜೊತೆಗೆ, ಆ ಪದ್ಯಗಳು ಯಾರಿಗೆ ಓಲೆಯಾಗಿ ಬರೆಯಲ್ಪಟ್ಟುವೋ ಅವರನ್ನೂ ನೆನಪಿನಲ್ಲಿಡಬೇಕು. ತೊಂಬತ್ತಾರು ಕಟ್ಟಡಗಳ ಆಚೆಗೆ ಕಾಲಿಡದ ಕೃತಿಯೊಂದು ದೂರದ ನಾಡುಗಳಲ್ಲಿಯೂ ಕೇಳುಗರನ್ನು ಪಡೆದುದಕ್ಕೆ ಕಾರಣ, ಅದು ತನ್ನವರನ್ನು ಹೆಸರುಹಿಡಿದು ಮಾತನಾಡಿಸಿತೆಂಬುದೇ. ಅಂತಹ ಕೃತಿಯ ಅಧ್ಯಯನವೂ ಆ ಹೆಸರುಗಳಿಗೆ ಕಿವಿಗೊಟ್ಟೇ ನಡೆಯತಕ್ಕದ್ದು.