ಕಾಯಲೊಲ್ಲದ ‘ಸ್ಲೋ ಕುಕ್ಕರ್’: ಕಾರಣ ಮತ್ತು ಪರಿಹಾರ

ಮಂದವಾದ ಉರಿಯಲ್ಲಿ ಬಹುಹೊತ್ತು ಬೇಯಿಸುವ ಪದ್ಧತಿಯು ನಮ್ಮ ಭಾಗಕ್ಕೆ ಹೊಸದೇನಲ್ಲ. ವೇದಗಂಗೆಯ ದಂಡೆಯ ಮುರಗೂಡದಿಂದ ನಿಪ್ಪಾಣಿಯವರೆಗಿನ ಹಳ್ಳಿಗಳ ಹಿರಿಯರಿಗೆ, ಕುಳ್ಳಿನ ಕೆಂಡದ ಮೇಲೆ ಮುಂಜಾನೆಯಿಂದ ಸಂಜೆಯವರೆಗೆ ಕಾಯುತ್ತಿದ್ದ ಹಾಲಿನ ಗಡಿಗೆಯ ನೆನಪು ಇದ್ದೇ ಇರುತ್ತದೆ. ಆ ಒಲೆ ಆರಿದರೆ ಹೊಗೆಯೇ ಸುದ್ದಿ ಹೇಳುತ್ತಿತ್ತು. ಊದುಗೊಳವೆಯೇ ಅದರ ದುರಸ್ತಿಯಾಗಿತ್ತು. ಇಂದಿನ ವಿದ್ಯುತ್ ಒಲೆಯು ಆರಿದಾಗ ಸುದ್ದಿ ಹೇಳುವುದಿಲ್ಲ. ಆದುದರಿಂದ ಅದರ ಅಂತರಂಗವನ್ನು ನಾವೇ ಅರಿತಿರಬೇಕಾಗುತ್ತದೆ.

‘ಸ್ಲೋ ಕುಕ್ಕರ್’ ಎಂಬ ಉಪಕರಣಕ್ಕೆ ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬ ಸಂಶೋಧಕನು 1940ರಲ್ಲಿ ಪೇಟೆಂಟ್ ಪಡೆದನು. ಲಿಥುವೇನಿಯಾದಲ್ಲಿ ಬಾಲ್ಯ ಕಳೆದ ಅವನ ತಾಯಿ, ಅಲ್ಲಿಯ ಯೆಹೂದ್ಯರು ಸಬ್ಬತ್ ದಿನದ ಊಟಕ್ಕಾಗಿ ಕಾಳಿನ ಗಡಿಗೆಯನ್ನು ಬೇಕರಿಯ ಒಲೆಯಲ್ಲಿ ರಾತ್ರಿಯಿಡೀ ಇಡುತ್ತಿದ್ದುದನ್ನು ಮಗನಿಗೆ ಹೇಳಿದ್ದಳು. 1971ರಲ್ಲಿ ಇದು ‘ಕ್ರಾಕ್ ಪಾಟ್’ ಎಂಬ ಹೆಸರಿನಿಂದ ಅಲ್ಲಿಯ ಮನೆಮನೆಗೆ ಪ್ರವೇಶಿಸಿತು. ವಿದೇಶದಲ್ಲಿರುವ ಮಕ್ಕಳ ಮೂಲಕ ಈಗ ಅದು ನಮ್ಮ ಅಡುಗೆಮನೆಗಳಿಗೂ ಬರುತ್ತಿದೆ.

ಇದರ ರಚನೆ ಬಹಳ ಸರಳ. ಹೊರಗೆ ಲೋಹದ ಕವಚ, ಒಳಗೆ ದಪ್ಪನೆಯ ಪಿಂಗಾಣಿ ಪಾತ್ರೆ, ಇವೆರಡರ ನಡುವೆ ಸುತ್ತಿದ ಕಾಯುವ ತಂತಿ. ಆ ತಂತಿಯೊಡನೆ ಒಂದು ಗುಂಡಿ ಮತ್ತು ಬಹುತೇಕ ಮಾದರಿಗಳಲ್ಲಿ ಒಂದು ಉಷ್ಣ ಫ್ಯೂಸು ಇರುತ್ತವೆ. ಉಷ್ಣತೆ ಮಿತಿ ಮೀರಿದರೆ ಈ ಫ್ಯೂಸು ತಾನು ಕರಗಿ ಪ್ರವಾಹವನ್ನು ಕಡಿಯುತ್ತದೆ. ಒಮ್ಮೆ ಕಡಿದರೆ ಮತ್ತೆ ಕೂಡುವುದಿಲ್ಲ.

ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗವನ್ನು ಹೇಳುತ್ತೇನೆ. ಅಮೆರಿಕದಿಂದ ಬಂದ ಮಗಳು ಇಂಥದೊಂದು ಕುಕ್ಕರ್ ತಂದಿದ್ದಳು. ರಾತ್ರಿ ಮಟನ್ ಹಾಕಿ, ಪಿನ್ನು ಬದಲಿಸುವ ಅಡಾಪ್ಟರ್ ಜೋಡಿಸಿ, ಗುಂಡಿ ತಿರುಗಿಸಿ ಮಲಗಿದೆವು. ಮುಂಜಾನೆ ನೋಡಿದರೆ ಪಾತ್ರೆ ತಣ್ಣಗಿತ್ತು. ಸುಟ್ಟ ವಾಸನೆ ಬರುತ್ತಿತ್ತು. ದುರಸ್ತಿಯವರೊಬ್ಬರು, “ಫ್ಯೂಸು ಹೋಗಿದೆ, ಅದನ್ನು ತೆಗೆದು ತಂತಿ ನೇರ ಕೂಡಿಸಿ ಕೊಡುತ್ತೇನೆ” ಎಂದರು. ನಾನು ಒಪ್ಪಲಿಲ್ಲ. ಒಪ್ಪದಿದ್ದುದಕ್ಕೆ ಕಾರಣವು ಶಾಲೆಯಲ್ಲಿ ಕಲಿತ ಓಮನ ನಿಯಮದಲ್ಲಿದೆ.

ಅಮೆರಿಕದ ಮನೆಗಳ ವೋಲ್ಟೇಜು 120, ನಮ್ಮದು 230. ತಂತಿಯಲ್ಲಿ ಹುಟ್ಟುವ ಉಷ್ಣವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಆದ್ದರಿಂದ ಅಲ್ಲಿಯ 200 ವ್ಯಾಟಿನ ಕುಕ್ಕರ್ ಇಲ್ಲಿ ಸುಮಾರು 735 ವ್ಯಾಟನ್ನು ಎಳೆಯುತ್ತದೆ, ಅಂದರೆ ಮೂರೂವರೆ ಪಟ್ಟಿಗೂ ಹೆಚ್ಚು. ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ನಾವೆಲ್ಲರೂ ನಿದ್ರಿಸಿದ್ದಾಗ ಆ ಪುಟ್ಟ ಫ್ಯೂಸು ತಾನು ಸತ್ತು ಮನೆಯನ್ನು ಉಳಿಸಿತ್ತು. ಅದರ ಜಾಗದಲ್ಲಿ ಬರಿಯ ತಂತಿ ಇದ್ದಿದ್ದರೆ ಪರಿಣಾಮವೇನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು. ಅಂಥ ಕುಕ್ಕರನ್ನು ಇಲ್ಲಿ ಬಳಸಬೇಕಾದರೆ, ಅದರ ವ್ಯಾಟಿಗಿಂತ ಹೆಚ್ಚಿನ ಸಾಮರ್ಥ್ಯದ, ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಅವಶ್ಯ. ಗಲ್ಫ್ ದೇಶಗಳಿಂದ ಅಥವಾ ಇಂಗ್ಲೆಂಡಿನಿಂದ ತಂದವುಗಳಿಗೆ ಸಾಮಾನ್ಯವಾಗಿ ಈ ತೊಡಕಿಲ್ಲ. ಆದರೂ ತಳದಲ್ಲಿ ಅಚ್ಚಾದ ವೋಲ್ಟೇಜನ್ನು ಓದದೆ ಯಾವುದನ್ನೂ ಜೋಡಿಸಬಾರದು.

ಪರೀಕ್ಷೆಯ ಕ್ರಮ

ಕುಕ್ಕರ್ ಕಾಯದಿದ್ದಾಗ ಮೊದಲು ನೋಡಬೇಕಾದುದು ಗೋಡೆಯ ಸಾಕೆಟ್ಟು. ಮೊಬೈಲ್ ಚಾರ್ಜರ್ ಹಾಕಿ ನೋಡಿದರೆ ಸಾಲದು. ಅದಕ್ಕೆ ಅತ್ಯಲ್ಪ ಪ್ರವಾಹ ಸಾಕು, ಸಡಿಲ ಸಾಕೆಟ್ಟಿನಲ್ಲಿಯೂ ಅದು ನಡೆಯುತ್ತದೆ. ಇಸ್ತ್ರಿ ಪೆಟ್ಟಿಗೆ ಹಚ್ಚಿ ನೋಡುವುದು ಮೇಲು. ಅನಂತರ ವಾಯರು ಮತ್ತು ಪಿನ್ನು. ಪಿನ್ನಿನ ಬಳಿ ಕಪ್ಪಾಗಿದ್ದರೆ, ವಾಯರು ಮಡಿಚಿದಲ್ಲಿ ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ಇಂಗ್ಲೆಂಡಿನ ಚಪ್ಪಟೆ ಮೂರು ಪಿನ್ನಿನ ಪ್ಲಗ್ಗಿನೊಳಗೇ ಒಂದು ಸಣ್ಣ ಫ್ಯೂಸು ಇರುವುದನ್ನು ಹಲವರು ಮರೆಯುತ್ತಾರೆ.

ಮೂರನೆಯದು ಗುಂಡಿ. ಅಂಕೆಗಳು ಮೂಡುವ ಅನೇಕ ಮಾದರಿಗಳು ವಿದ್ಯುತ್ತು ಹೋಗಿ ಬಂದ ಮೇಲೆ ತಾವಾಗಿ ಆರಂಭವಾಗುವುದಿಲ್ಲ. ಇದು ದೋಷವಲ್ಲ, ಮತ್ತೆ ಒತ್ತಬೇಕು, ಅಷ್ಟೆ. ತಿರುಗಿಸುವ ಗುಂಡಿಯವು ತಾವಾಗಿ ಮುಂದುವರಿಯುತ್ತವೆ.

ಇಷ್ಟಾಗಿಯೂ ಕಾಯದಿದ್ದರೆ ದೋಷವು ಒಳಗಿದೆ ಎಂದೇ ತಿಳಿಯಬೇಕು. ಪಿನ್ನು ಕಿತ್ತು, ಪೂರ್ಣ ಆರಿದ ಮೇಲೆ, ತಿಳಿದವರಿಂದ ಮೀಟರಿನಲ್ಲಿ ಪರೀಕ್ಷಿಸಬೇಕು. 230 ವೋಲ್ಟಿನ, 200 ವ್ಯಾಟಿನ ತಂತಿಯು ಸುಮಾರು 265 ಓಮ್ ತೋರಿಸಬೇಕು. ತಂತಿ ಸರಿಯಾಗಿದ್ದು ಫ್ಯೂಸು ಮಾತ್ರ ಕಡಿದಿದ್ದರೆ, ಅಷ್ಟೇ ಉಷ್ಣತೆ ಮತ್ತು ಆಂಪಿಯರಿನ ಹೊಸ ಫ್ಯೂಸನ್ನೇ ಹಾಕಿಸಬೇಕು. ಅದು ಏಕೆ ಕಡಿಯಿತೆಂಬುದನ್ನೂ ಹುಡುಕಬೇಕು. ಮೂರನೆಯ ಪಿನ್ನಿನ ಅರ್ಥಿಂಗ್ ಸರಿಯಾಗಿದೆಯೇ ಎಂದು ಅದೇ ಸಮಯಕ್ಕೆ ನೋಡಿಸಿಕೊಳ್ಳುವುದು ಒಳ್ಳೆಯದು.

ಅರೆಬಿಸಿಯ ಅಪಾಯ

ಪೂರ್ತಿ ತಣ್ಣಗಿರುವ ಕುಕ್ಕರಿಗಿಂತ ಅರೆಬಿಸಿ ಕುಕ್ಕರ್ ಹೆಚ್ಚು ಮೋಸಗಾರ. ವೋಲ್ಟೇಜು 230ರಿಂದ 180ಕ್ಕೆ ಇಳಿದರೆ ಉಷ್ಣವು ನೂರಕ್ಕೆ ಅರವತ್ತರಷ್ಟು ಮಾತ್ರ ಉಳಿಯುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಆಹಾರದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಕೆಲವು ಬಿಟ್ಟುಹೋದ ವಿಷವು ಮತ್ತೆ ಕುದಿಸಿದರೂ ಹೋಗುವುದಿಲ್ಲ. ರಾತ್ರಿಯಿಡೀ ಅರೆಬಿಸಿಯಾಗಿದ್ದ ಅಡುಗೆಯನ್ನು, ಎಷ್ಟು ಹೊತ್ತು ವಿದ್ಯುತ್ತು ಇರಲಿಲ್ಲವೆಂದು ತಿಳಿಯದ ಅಡುಗೆಯನ್ನು, ಮಕ್ಕಳಿಗೆ ಬಡಿಸದೆ ಚೆಲ್ಲುವುದೇ ಲೇಸು. ಅಂದು ನಮ್ಮ ಮಟನ್ನಿನ ಗತಿಯೂ ಅದೇ ಆಯಿತು.

ಕೆಂಪು ರಾಜ್ಮಾ ಕಾಳಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದರಲ್ಲಿರುವ ಒಂದು ಸಹಜ ವಿಷವು ಚೆನ್ನಾಗಿ ಕುದಿಸಿದರೆ ಮಾತ್ರ ನಾಶವಾಗುತ್ತದೆ. 80 ಡಿಗ್ರಿಯಷ್ಟು ಶಾಖದಲ್ಲಿ ಅದು ಹೆಚ್ಚಲೂಬಹುದು. ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಗ್ಯಾಸಿನ ಮೇಲೆ ಕೊತಕೊತನೆ ಕುದಿಸಿದ ಮೇಲೆಯೇ ಸ್ಲೋ ಕುಕ್ಕರಿಗೆ ಹಾಕಬೇಕು.

ಕುಕ್ಕರ್ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ಅರ್ಧದಷ್ಟು ನೀರು ತುಂಬಿ, ಮುಚ್ಚಳ ತೆರೆಯದೆ, ಸಣ್ಣ ಉರಿಯ ಗುರುತಿನಲ್ಲಿ ಎಂಟು ಗಂಟೆ ಇಡಿರಿ. ಮುಚ್ಚಳ ತೆಗೆದೊಡನೆ ಉಷ್ಣತಾಮಾಪಕವು 85 ಡಿಗ್ರಿ ಅಥವಾ ಅದಕ್ಕಿಂತ ತುಸು ಹೆಚ್ಚು ತೋರಿಸಿದರೆ ಕುಕ್ಕರ್ ಆರೋಗ್ಯವಾಗಿದೆ. ಕಡಿಮೆಯಿದ್ದರೆ ಅದನ್ನು ಅಡುಗೆಗೆ ಬಳಸಬಾರದು.

ವೋಲ್ಟೇಜಿನ ವರ್ಗ, ಓಮನ ನಿಯಮ ಇವೆಲ್ಲ ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಎಂದು ಬಾಲ್ಯದಲ್ಲಿ ನಾವು ಭಾವಿಸಿದ್ದುಂಟು. ಕನ್ನಡದಲ್ಲಿ ಅವುಗಳನ್ನು ಬಿಡಿಸಿ ಹೇಳಿದ ಗುರುಗಳ ಪಾಠವು ಇಷ್ಟು ವರ್ಷಗಳ ಮೇಲೆ ಅಡುಗೆಮನೆಯಲ್ಲಿ ಒದಗಿಬಂದಿತು. ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಆ ಋಣವನ್ನು ಸ್ಮರಿಸುತ್ತಾ, ಊರಿಗೆ ಕುಕ್ಕರ್ ತರಲಿರುವ ನಮ್ಮ ಹಳೆಯ ವಿದ್ಯಾರ್ಥಿ ಬಂಧುಗಳು ಮೊದಲು ಅದರ ತಳವನ್ನು ತಿರುವಿ ವೋಲ್ಟೇಜನ್ನು ಓದಲೆಂದು ವಿನಂತಿಸುತ್ತೇನೆ.